ಆಡಿಸ್‌ನಲ್ಲಿ 88 ದಿನ, ಅದಕ್ಕೂ ಮೊದಲು 14 ತಿಂಗಳು

ಇಥಿಯೋಪಿಯಕ್ಕೆ ಹೋಗಿ ಅಲ್ಲಿಯ ಜನರ ಬಗ್ಗೆ ಓದಬೇಕು ಎಂದು ನಾನು ಮೊದಲ ಇ-ಮೇಲ್ ಕಳಿಸಿದ್ದು 2023ರ ಆಗಸ್ಟ್‌ನಲ್ಲಿ. ಆಡಿಸ್ ಅಬಾಬಾದಲ್ಲಿ ಇಳಿದದ್ದು 2024ರ ಅಕ್ಟೋಬರ್ 14ಕ್ಕೆ. ವಾಪಸ್ ಬಂದು, ಖರ್ಚಿನ ಲೆಕ್ಕ ಒಪ್ಪಿಸಿ, ಈಗಷ್ಟೇ ಉಸಿರು ಬಿಟ್ಟಿದ್ದೇನೆ. ಹೊರಡುವ ಮೊದಲು ಈ ದಾರಿಯ ಬಗ್ಗೆ ಕನ್ನಡದಲ್ಲಿ ಏನಾದರೂ ಸಿಗುತ್ತದಾ ಎಂದು ತುಂಬಾ ಹುಡುಕಿದ್ದೆ. ಸಿಗಲಿಲ್ಲ. ಮುಂದೆ ಹೋಗುವವರು ಇಬ್ಬರೇ ಇರಲಿ, ಅವರಿಗೆ ನನ್ನಷ್ಟು ಅಲೆದಾಟ ಆಗಬಾರದು. ಅದಕ್ಕೇ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ನಾನು ವಿಜಯಪುರದವಳು. ಇಬ್ರಾಹಿಂ ರೋಜಾದ ಹುಲ್ಲಿನ ಮೇಲೆ ಆಡಿ ಬೆಳೆದವಳು. ಅಲ್ಲಿಯ ಬರಹದಲ್ಲಿ ಮಲಿಕ್ ಸಂದಲ್ ಎಂಬ ಹೆಸರಿದೆ. ಆತ ಹಬ್ಶಿ, ಅಂದರೆ ಇಥಿಯೋಪಿಯ ಕಡೆಯಿಂದ ಬಂದವನು, ಎಂದು ಹೇಳುತ್ತಾರೆ. ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಎಷ್ಟು ದೊಡ್ಡವನಾಗಿದ್ದ ಎಂಬುದು ಆ ಕಾಲದ ಚಿತ್ರಗಳಲ್ಲೇ ಕಾಣುತ್ತದೆ. ಪಕ್ಕದ ಅಹ್ಮದ್‌ನಗರದ ಮಲಿಕ್ ಅಂಬರನ ಹೆಸರಂತೂ ಎಲ್ಲರಿಗೂ ಗೊತ್ತು. 1548ರ ಸುಮಾರಿಗೆ ಇಥಿಯೋಪಿಯದಲ್ಲಿ ಹುಟ್ಟಿದ ಹುಡುಗ. ಹೆಸರು ಚಾಪು. ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ಅರಬ್ ನಾಡುಗಳನ್ನು ದಾಟಿ ದಖ್ಖನ್‌ಗೆ ಬಂದ. ಮೊಘಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿ 1626ರಲ್ಲಿ ತೀರಿಕೊಂಡ. ಈ ಹುಡುಗರ ಊರು ಯಾವುದು, ಅವರ ಮನೆಯಲ್ಲಿ ಯಾವ ಮಾತು ಆಡುತ್ತಿದ್ದರು, ಅವರನ್ನು ಕಳೆದುಕೊಂಡ ತಾಯಂದಿರು ಯಾವ ಜನ ಎಂಬುದು ನನ್ನ ಪ್ರಶ್ನೆ. ಪಿಎಚ್.ಡಿ.ಗೆ ನೋಂದಾಯಿಸಿದಾಗ ಶೀರ್ಷಿಕೆ ಕೊಟ್ಟಿದ್ದೆ: ‘ದಖ್ಖನಿನ ಹಬ್ಶಿಗಳ ತವರು’.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಇದನ್ನೇ ಕೇಳುತ್ತಾರೆ. ಯಲ್ಲಾಪುರ, ಹಳಿಯಾಳ ಕಡೆಯ ನಮ್ಮ ಸಿದ್ದಿಗಳ ಕಥೆ ಬಹುಮಟ್ಟಿಗೆ ಬೇರೆ. ಅವರ ಹಿರಿಯರಲ್ಲಿ ಹೆಚ್ಚಿನವರು ಗೋವಾದ ಪೋರ್ಚುಗೀಸರ ಮೂಲಕ ಬಂದವರು. ಅವರ ಬೇರು ಆಫ್ರಿಕಾದ ಆಗ್ನೇಯ ಭಾಗದ ಬಂಟು ಜನರ ಕಡೆಗೆ ಹೋಗುತ್ತದೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ಶುರುವಾದದ್ದು ಹಾಸ್ಟೆಲ್‌ನಲ್ಲಿ. ನಮ್ಮ ಮಹಡಿಯಲ್ಲಿ ಇಥಿಯೋಪಿಯದ ಒಬ್ಬ ಹುಡುಗಿ ಇದ್ದಳು. ಸಸ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ನಾನು ಅವಳ ಅರ್ಜಿಗಳನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೆ, ಅವಳು ನನಗೆ ಫಿದೆಲ್ ಕಲಿಸುತ್ತಿದ್ದಳು. ಫಿದೆಲ್ ಎಂದರೆ ಅವರ ಲಿಪಿ. ಚರ್ಚಿನ ಹಳೆಯ ಭಾಷೆ ಗೀಜ್, ಈಗಿನ ಅಮ್ಹಾರಿಕ್, ಎರಿಟ್ರಿಯದ ತಿಗ್ರಿನ್ಯ ಎಲ್ಲಕ್ಕೂ ಅದೇ. ಮೊದಲ ದಿನ ಅವಳು ‘ಲೆ ಲು ಲಿ ಲಾ’ ಎಂದು ಸಾಲು ಓದಿದಾಗ ಕಣ್ಣು ತುಂಬಿ ಬಂತು. ಅದು ನಮ್ಮ ಕಾಗುಣಿತವೇ! ಅಮ್ಹಾರಿಕ್‌ಗೆ ಮೂಲ ಅಕ್ಷರ 33, ಒಂದೊಂದಕ್ಕೂ 7 ರೂಪ, ಒಟ್ಟು 231. ಕಾಗುಣಿತ ಬರೆದು ಬೆಳೆದ ನಮಗೆ ಇದು ಮೂರು ವಾರದ ಕೆಲಸ. ಕಷ್ಟ ಇರುವುದು ಬಾಯಿಗೆ. ಗಂಟಲನ್ನು ಬಿಗಿ ಹಿಡಿದು ಟಪ್ ಎಂದು ಬಿಡುವ ಕೆಲವು ವ್ಯಂಜನಗಳು ನಮ್ಮಲ್ಲಿಲ್ಲ. ನಮ್ಮ ಮಹಾಪ್ರಾಣದಲ್ಲಿ ಉಸಿರು ಹೊರಗೆ ನುಗ್ಗುತ್ತದೆ, ಇಲ್ಲಿ ಉಸಿರನ್ನೇ ಕಟ್ಟಬೇಕು. ಬಾಯಿಯ ಮುಂದೆ ಕಾಗದ ಹಿಡಿದುಕೊಂಡು ಕಲಿಯಿರಿ. ಕಾಗದ ಅಲ್ಲಾಡಬಾರದು.

ಹೋಗುವ ಮೊದಲೇ ಲಿಪಿ ಕಲಿಯಿರಿ ಎಂದು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಅರ್ಧ ಕೆಲಸ ಮನೆಯಲ್ಲೇ ಆಗುತ್ತದೆ. 1973ರಿಂದ ಇಥಿಯೋಪಿಯದ ಮಠಗಳ, ಚರ್ಚುಗಳ ಚರ್ಮದ ಹಸ್ತಪ್ರತಿಗಳನ್ನು ಮೈಕ್ರೋಫಿಲ್ಮ್ ಮಾಡುವ ದೊಡ್ಡ ಯೋಜನೆ ನಡೆಯಿತು. ಅದರ ಪ್ರತಿಗಳು ಅಮೆರಿಕದ ಮಿನೆಸೋಟಾದ ಹಿಲ್ ಮ್ಯೂಸಿಯಂ ಮತ್ತು ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಅಲ್ಲಿಯ ಆನ್‌ಲೈನ್ ಓದುಕೋಣೆಗೆ ನೋಂದಾಯಿಸಿಕೊಂಡರೆ ಸಾಕು, ದುಡ್ಡಿಲ್ಲದೆ ಎಷ್ಟೋ ಪ್ರತಿಗಳನ್ನು ನೋಡಬಹುದು. ನಾನು ಹಾಸ್ಟೆಲ್‌ನ ಮಂಚದ ಮೇಲೆ ಕೂತು ಅದನ್ನು ಓದುತ್ತಾ ಆರು ತಿಂಗಳು ಕಾದೆ.

ಕಾದೆ ಎಂದೆನಲ್ಲ, ಅದನ್ನು ಹೇಳಬೇಕು. ಆಡಿಸ್‌ನ ಒಂದು ಸಂಸ್ಥೆಗೆ ಕಳಿಸಿದ ಮೊದಲ ಮೂರು ಇ-ಮೇಲ್‌ಗಳಿಗೆ ಉತ್ತರವೇ ಬರಲಿಲ್ಲ. ನನ್ನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ ಎಂದು ದಿನಾ ಸಂಕಟವಾಗುತ್ತಿತ್ತು. ಗೆಳತಿ ನನ್ನ ಇ-ಮೇಲ್ ಓದಿ ಹೇಳಿದಳು, “ಇದರಲ್ಲಿ ಮಹ್ತೆಮ್ ಎಲ್ಲಿದೆ?” ಮಹ್ತೆಮ್ ಎಂದರೆ ಮೊಹರು. ಅಲ್ಲಿ ಕೆಲಸ ನಡೆಯುವುದು ದೆಬ್ದಾಬೆಯಿಂದ, ಅಂದರೆ ಪತ್ರದಿಂದ. ಪತ್ರವನ್ನು ಒಂದು ಕಚೇರಿ ಇನ್ನೊಂದು ಕಚೇರಿಗೆ ಬರೆಯಬೇಕು. ಅದಕ್ಕೆ ಸಂಖ್ಯೆ, ದಿನಾಂಕ, ದುಂಡು ಮೊಹರು ಇರಬೇಕು. ಒಬ್ಬ ವಿದ್ಯಾರ್ಥಿನಿ ತಾನೇ ಬರೆದ ಕಾಗದಕ್ಕೆ ಯಾರು, ಯಾವ ಕಡತದಲ್ಲಿ ಉತ್ತರ ಬರೆಯಬೇಕು ಹೇಳಿ? ನಮ್ಮ ಸರ್ಕಾರಿ ಕಚೇರಿಯ ಟಪಾಲು ವಿಭಾಗ ನೋಡಿದವರಿಗೆ ಇದು ಹೊಸದಲ್ಲ. ನನಗೇ ಹೊಳೆದಿರಲಿಲ್ಲ ಅಷ್ಟೇ.

ಆಮೇಲೆ ನಮ್ಮ ವಿಶ್ವವಿದ್ಯಾಲಯದಿಂದ ಪರಿಚಯ ಪತ್ರ ಪಡೆಯಲು ಎರಡೂವರೆ ತಿಂಗಳು ಹಿಡಿಯಿತು. ಕಡತ ಮೂರು ಮೇಜು ದಾಟಿತು. ಒಂದು ಮೇಜಿನಲ್ಲಿ, “ಆಫ್ರಿಕಾಕ್ಕೆ ಯಾಕಮ್ಮಾ? ಲಂಡನ್‌ಗೆ ಹೋಗಬಹುದಲ್ಲ, ಅಲ್ಲಿ ಎಲ್ಲಾ ಪುಸ್ತಕ ಇರ್ತವೆ” ಎಂದರು. ಆ ಮಾತು ನನಗೆ ತುಂಬಾ ನೋವು ಕೊಟ್ಟಿತು. ಲಂಡನ್‌ನಲ್ಲಿ ಇರುವುದು ನಿಜ. 1868ರಲ್ಲಿ ಬ್ರಿಟಿಷರು ಮಗ್ದಲಾ ಕೋಟೆಯನ್ನು ಕೆಡವಿದಾಗ ಅಲ್ಲಿಂದ ಹೊತ್ತೊಯ್ದ ಹಸ್ತಪ್ರತಿಗಳಲ್ಲಿ ಸುಮಾರು 350 ಅಲ್ಲಿ ಸೇರಿವೆ. ಆ ದಂಡು ಹೊರಟದ್ದು ನಮ್ಮ ಬೊಂಬಾಯಿಯಿಂದ. ಸಿಪಾಯಿಗಳು ನಮ್ಮವರು, ತೋಪು ಎಳೆದ 44 ಆನೆಗಳೂ ಇಲ್ಲಿಯವು. ಇಳಿದದ್ದು ಈಗಿನ ಎರಿಟ್ರಿಯದ ಜೂಲಾ ಕೊಲ್ಲಿಯಲ್ಲಿ. ಹಾಗಾಗಿ ನಾನು ಆ ನೆಲಕ್ಕೇ ಹೋಗಿ, ಅಲ್ಲಿ ಉಳಿದದ್ದನ್ನು ಅಲ್ಲಿಯವರ ಅನುಮತಿ ಕೇಳಿ ಓದಬೇಕು ಅಂದುಕೊಂಡಿದ್ದೆ. ಆ ಮೇಜಿನವರಿಗೆ ಇದನ್ನೆಲ್ಲ ಹೇಳಲಾಗಲಿಲ್ಲ. ಗೈಡ್ ಸರ್ ಬಂದು, “ಸಹಿ ಮಾಡಿ ಕೊಡಿ, ಹುಡುಗಿ ಗಟ್ಟಿಯಾಗಿದ್ದಾಳೆ” ಎಂದರು. ಸಹಿ ಬಿತ್ತು.

ನನ್ನಿಂದ ಕೇಳಿದ ಕಾಗದಗಳು ಇವು: ಪರಿಚಯ ಪತ್ರ, ಸಂಶೋಧನೆಯ ಯೋಜನೆ, ಬಯೋಡೇಟಾ, ಪಾಸ್‌ಪೋರ್ಟ್ ಪ್ರತಿ, ಫೋಟೊಗಳು. ಯೋಜನೆಯನ್ನು ನಾನು 40 ಪುಟ ಬರೆದಿದ್ದೆ. ಐದು ಪುಟಕ್ಕೆ ಇಳಿಸಿ ಎಂದರು. ಎಲ್ಲಿ, ಯಾರ ಜೊತೆ, ಎಷ್ಟು ದಿನ, ಏನನ್ನು ಓದುತ್ತೀರಿ ಎಂಬುದನ್ನು ಮೊದಲ ಪುಟದಲ್ಲೇ ಬರೆಯಿರಿ. ಹೋಗುವ ಊರುಗಳನ್ನೆಲ್ಲ ಹೆಸರಿಸಿ. ಹೆಸರಿಸದ ಊರಿಗೆ ಆಮೇಲೆ ಹೊಸ ಪತ್ರ ಬೇಕಾಗುತ್ತದೆ. ಸಂಸ್ಥೆಯ ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆಯೇ ವೀಸಾ ಕೇಳಿದೆ. 90 ದಿನ ಸಿಕ್ಕಿತು. ಬರೀ ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ನೋಡಿಕೊಂಡರಾಯಿತು ಎಂದು ಒಬ್ಬರು ಹೇಳಿದ್ದರು. ಆ ದಾರಿ ಬೇಡ. ಅಲ್ಲಿ ಪ್ರತಿ ಬಾಗಿಲಲ್ಲೂ ಮೊದಲು ಕೇಳುವುದು ಪತ್ರವನ್ನೇ.

ಹಳದಿ ಜ್ವರದ ಲಸಿಕೆಯನ್ನು ಮರೆಯಬೇಡಿ. ಇಥಿಯೋಪಿಯದಿಂದ ಭಾರತಕ್ಕೆ ವಾಪಸ್ ಬರುವಾಗ ಅದರ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ ಪ್ರತ್ಯೇಕವಾಗಿ ಇರಿಸಿಬಿಡುತ್ತಾರೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕು. ಸರ್ಕಾರ ಗೊತ್ತು ಮಾಡಿದ ಕೇಂದ್ರದಲ್ಲೇ ಹಾಕಿಸಬೇಕು. ಅಲ್ಲಿ ದಿನ ಸಿಗುವುದಕ್ಕೇ ವಾರಗಳಾಗಬಹುದು. ನನಗೆ 300 ರೂಪಾಯಿ ಆಯಿತು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ.

ಇಷ್ಟರಲ್ಲಿ ನನ್ನ ಯೋಜನೆಯ ಅರ್ಧ ಕೈಬಿಟ್ಟು ಹೋಗಿತ್ತು. ಮೊದಲು ಎರಿಟ್ರಿಯಕ್ಕೂ ಹೋಗಬೇಕೆಂದಿದ್ದೆ. ಯಾಕೆಂದರೆ ಎಷ್ಟೋ ಗುಲಾಮರನ್ನು ಹಡಗು ಹತ್ತಿಸಿದ್ದು ಅಲ್ಲಿಯ ಮಸ್ಸಾವಾ ಬಂದರಿನಿಂದ. ಆದರೆ ಅಲ್ಲಿ ವಿದೇಶಿಯರು ರಾಜಧಾನಿ ಅಸ್ಮಾರಾ ಬಿಟ್ಟು ಹೊರಗೆ ಹೋಗಲು ಪ್ರತ್ಯೇಕ ಪರವಾನಗಿ ಬೇಕು. ಎರಡು ದೇಶದ ಅನುಮತಿಯನ್ನು ಒಂದೇ ಬಾರಿಗೆ ಪಡೆಯುವ ಶಕ್ತಿ ನನಗಿರಲಿಲ್ಲ. 1993ರಲ್ಲಿ ಎರಿಟ್ರಿಯ ಬೇರೆ ದೇಶವಾಯಿತು. 1998ರಿಂದ 2000ದವರೆಗೆ ಎರಡರ ನಡುವೆ ಯುದ್ಧ ನಡೆಯಿತು. 2018ರಲ್ಲಿ ಶಾಂತಿ ಒಪ್ಪಂದ ಆಯಿತು. 2020ರಿಂದ ಎರಡು ವರ್ಷ ಇಥಿಯೋಪಿಯದ ಉತ್ತರ ಭಾಗವಾದ ತಿಗ್ರಾಯ್‌ನಲ್ಲಿ ಮತ್ತೆ ಯುದ್ಧ. ಪುಸ್ತಕದ ಕಪಾಟಿನಲ್ಲಿ ಎರಡೂ ದೇಶಗಳ ಬಗೆಗಿನ ಓದು ಅಕ್ಕಪಕ್ಕದಲ್ಲೇ ಇದೆ, ಲಿಪಿ ಒಂದೇ, ಕಾಫಿ ಕುಡಿಯುವ ಪದ್ಧತಿ ಒಂದೇ. ಗಡಿಯಲ್ಲಿ ಮಾತ್ರ ಜನ ಒಬ್ಬರನ್ನೊಬ್ಬರು ಕಳೆದುಕೊಂಡಿದ್ದಾರೆ. ಗೊಂದರ್‌ಗೆ ಹೋಗುವ ಆಸೆಯೂ ಬಿಟ್ಟೆ. ಅದಿರುವ ಅಮ್ಹಾರಾ ಪ್ರದೇಶದಲ್ಲಿ 2023ರಿಂದ ಕಾದಾಟ ನಡೆಯುತ್ತಿತ್ತು. ಅವ್ವನಿಗೆ ಮಾತು ಕೊಟ್ಟಿದ್ದೆ, ರಾಜಧಾನಿ ಬಿಟ್ಟು ಕದಲುವುದಿಲ್ಲ ಎಂದು.

ಮುಂಬೈಯಿಂದ ವಿಮಾನ. ಹೋಗಿ ಬರಲು 47,000 ರೂಪಾಯಿ. ಆಡಿಸ್ ಸಮುದ್ರ ಮಟ್ಟದಿಂದ 2,300 ಮೀಟರ್‌ಗಿಂತ ಎತ್ತರದಲ್ಲಿದೆ. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಹತ್ತಿ ಬಟ್ಟೆ ತುಂಬಿಕೊಂಡು ಹೋಗಬೇಡಿ. ಸ್ವೆಟರ್ ಒಯ್ಯಿರಿ. ಮೊದಲ ವಾರ ಎರಡು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿತ್ತು. ಗೆಳತಿ ಬರೆದುಕೊಟ್ಟ ದಾರಿಗಳೂ ಸುಳ್ಳಾಗಿದ್ದವು. ಆ ವರ್ಷವೇ ಊರಿನ ರಸ್ತೆಗಳನ್ನು ಅಗಲ ಮಾಡಲು ಹಳೆಯ ಪಿಯಾಸಾ ಕಡೆ ಕಟ್ಟಡಗಳನ್ನು ಕೆಡವಿದ್ದರು. “ಮೂಲೆಯ ಔಷಧಿ ಅಂಗಡಿ ದಾಟಿ” ಎಂದು ಅವಳು ಬರೆದಿದ್ದ ಮೂಲೆಯೇ ಇರಲಿಲ್ಲ. ಫೋನಿನಲ್ಲಿ ಹೇಳಿದಾಗ ಅವಳು ಸುಮ್ನೆ ಅತ್ತಳು.

ಈಗ ಸಮಯದ ವಿಷಯ. ಇದನ್ನು ಗಮನವಿಟ್ಟು ಓದಿ. ಒಂದು ಕಚೇರಿಯಿಂದ ಮೆಸೇಜ್ ಬಂತು, ಗುರುವಾರ 3 ಗಂಟೆಗೆ ಬನ್ನಿ ಎಂದು. ನಾನು ಮಧ್ಯಾಹ್ನ ಎರಡೂವರೆಗೇ ಹೋಗಿ ಕೂತೆ. ಬರಬೇಕಾದವರು ಬೆಳಿಗ್ಗೆ 9ಕ್ಕೇ ಬಂದು, ನನಗಾಗಿ ಕಾದು, ಊರಿಗೆ ಹೊರಟು ಹೋಗಿದ್ದರು. ವಾಪಸ್ ಬರುವುದು ಹನ್ನೊಂದು ದಿನದ ಮೇಲೆ. ಅಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗಿನ 7 ಅವರಿಗೆ 1 ಗಂಟೆ, ನಮ್ಮ 9 ಅವರಿಗೆ 3. ಅಜ್ಜಿ ಹೊತ್ತು ಏರಿದ್ದನ್ನು ನೋಡಿ ಗಳಿಗೆ ಹೇಳುತ್ತಿದ್ದ ಲೆಕ್ಕವೇ ಇದು. 90 ದಿನದ ವೀಸಾದಲ್ಲಿ ಹನ್ನೊಂದು ದಿನ ಹೋಯಿತು. ಆ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ತುಂಬಾ ಹೊತ್ತು ಕೂತಿದ್ದೆ. ಯಾರು ಸಮಯ ಹೇಳಿದರೂ “ಹಬೆಶಾ ಲೆಕ್ಕವೋ, ಫೆರೆಂಜ್ ಲೆಕ್ಕವೋ?” ಎಂದು ಕೇಳಿ. ಹಬೆಶಾ ಎಂದರೆ ಅಲ್ಲಿಯವರು, ಫೆರೆಂಜ್ ಎಂದರೆ ವಿದೇಶಿಯರು. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ದಿನಾಂಕವೂ ಹಾಗೇ. ವರ್ಷಕ್ಕೆ 13 ತಿಂಗಳು. 12 ತಿಂಗಳಿಗೆ ತಲಾ 30 ದಿನ, ಕೊನೆಯ ಪಗುಮೆಗೆ 5 ಅಥವಾ 6. ವರ್ಷ ಏಳೆಂಟು ಹಿಂದೆ. ನಾನು ಇಳಿದ ದಿನ ಅವರಿಗೆ 2017ರ ತಿಕಿಮ್ತ್ 4. ನನ್ನ ಪತ್ರದಲ್ಲಿ ‘21/3/2017ರವರೆಗೆ’ ಎಂದಿತ್ತು. ಅದು ಮಾರ್ಚ್ ಅಲ್ಲ, ಮೂರನೇ ತಿಂಗಳಾದ ಹಿದಾರ್. ಅಂದರೆ ನಮ್ಮ ನವೆಂಬರ್ 30. ಪ್ರತಿ ಕಾಗದದ ಮೂಲೆಯಲ್ಲಿ ಪೆನ್ಸಿಲ್‌ನಿಂದ ನಮ್ಮ ದಿನಾಂಕ ಬರೆದಿಟ್ಟುಕೊಳ್ಳಿ.

ಇನ್ನೊಂದು ತೊಡಕು ಹೆಸರಿನಲ್ಲಿ. ಅಲ್ಲಿ ಮನೆತನದ ಹೆಸರಿಲ್ಲ. ಫಾರಂನಲ್ಲಿ ಮೂರು ಚೌಕ: ನಿಮ್ಮ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು. ನನ್ನ ಪಾಸ್‌ಪೋರ್ಟ್‌ನಲ್ಲಿ ಇರುವುದು ನನ್ನ ಹೆಸರು ಮತ್ತು ಅಪ್ಪನ ಹೆಸರು. ಖಾಲಿ ಬಿಡಬಾರದು ಎಂದರು, ಅಜ್ಜನ ಹೆಸರು ಬರೆದೆ. ಮುಂದಿನ ಕಚೇರಿಯಲ್ಲಿ ಪತ್ರದಲ್ಲಿ ಮೂರು ಹೆಸರು, ವೀಸಾದಲ್ಲಿ ಎರಡು, ಇದು ಬೇರೆ ಹೆಂಗಸು ಎಂದು ತಡೆದರು. ಹಳೆಯ ಪತ್ರ ರದ್ದಾಗಿ ಹೊಸ ಪತ್ರ ಬರಲು ನಾಲ್ಕು ದಿನ. ಮೆಜ್ಗೆಬ್ ಬೆತ್ ಎಂದರೆ ದಾಖಲೆ ಕೋಣೆ. ಅಲ್ಲಿ ಸಂಖ್ಯೆ ಹಾಕುವ ಅಮ್ಮ ನನ್ನ ಮುಖ ನೋಡಿ “ಅಯ್ಜೋಶ್” ಎಂದರು. ಹೆದರಬೇಡ ಮಗಳೇ, ನಾನಿದ್ದೇನೆ ಎಂದು ಒಂದೇ ಪದದಲ್ಲಿ ಹೇಳುವುದು ಅದು. ಬಿದ್ದ ಮಗುವಿಗೂ ಅದನ್ನೇ ಹೇಳುತ್ತಾರೆ, ಸಾವಿನ ಮನೆಯಲ್ಲೂ ಅದನ್ನೇ ಹೇಳುತ್ತಾರೆ. ಗ್ರಂಥಾಲಯದಲ್ಲೂ ನೆನಪಿಡಿ: ಅಲ್ಲಿಯ ಲೇಖಕರನ್ನು ಹುಡುಕಬೇಕಾದ್ದು ಮೊದಲ ಹೆಸರಿನಿಂದ. ಎರಡನೆಯದು ಅವರ ಅಪ್ಪನ ಹೆಸರು.

ಕೊನೆಗೂ ಸಿದಿಸ್ತ್ ಕಿಲೊ. ಆಡಿಸ್ ಅಬಾಬಾ ವಿಶ್ವವಿದ್ಯಾಲಯದ ಮುಖ್ಯ ಆವರಣ. ಹೊರಗೆ ಯೆಕಾತಿತ್ 12ರ ಸ್ಮಾರಕ. 1937ರ ಫೆಬ್ರವರಿಯಲ್ಲಿ ಇಟಲಿಯವರು ಕೊಂದ ಊರಿನ ಜನರ ನೆನಪಿಗೆ. ಒಳಗೆ ಚಕ್ರವರ್ತಿ ಹೈಲೆ ಸೆಲಾಸಿಯ ಹಳೆಯ ಅರಮನೆ, ಗೆನೆತೆ ಲಿಯುಲ್. 1960ರ ಡಿಸೆಂಬರ್‌ನಲ್ಲಿ ಅವರ ವಿರುದ್ಧ ದಂಗೆ ಎದ್ದು ಅಡಗಿದ ಮೇಲೆ ಅರಮನೆಯನ್ನೇ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. 1963ರಲ್ಲಿ ಅಲ್ಲಿ ಇಥಿಯೋಪಿಯ ಅಧ್ಯಯನ ಸಂಸ್ಥೆ ಶುರುವಾಯಿತು. ಮೊದಲ ನಿರ್ದೇಶಕರು ರಿಚರ್ಡ್ ಪ್ಯಾಂಕ್‌ಹರ್ಸ್ಟ್. ಈ ಓದಿಗೆ ಬರುವ ಯಾರೇ ಆಗಲಿ ಒಮ್ಮೆ ತಲುಪಲೇಬೇಕಾದ ಜಾಗ ಅದು. ಅಂಗಳದಲ್ಲಿ ಇಟಲಿಯವರು ಕಟ್ಟಿದ ಒಂದು ಮೆಟ್ಟಿಲ ಸಾಲಿದೆ, ಆಕಾಶದ ಕಡೆ ಸುತ್ತಿ ಹೋಗಿ ಎಲ್ಲಿಗೂ ಮುಟ್ಟದೆ ನಿಲ್ಲುತ್ತದೆ. ಮುಸೊಲಿನಿಯ ಆಳ್ವಿಕೆಯ ವರ್ಷಕ್ಕೊಂದು ಮೆಟ್ಟಿಲು. ಕೊನೆಯ ಮೆಟ್ಟಿಲ ಮೇಲೆ ಇಥಿಯೋಪಿಯದವರು ತಮ್ಮ ಸಿಂಹವನ್ನು ಕೂರಿಸಿದ್ದಾರೆ. ನಾನು ಮಧ್ಯಾಹ್ನದ ಬುತ್ತಿ ಅದರ ಎದುರು ಕೂತು ತಿನ್ನುತ್ತಿದ್ದೆ.

ಮ್ಯೂಸಿಯಂ ನನಗೆ ಪಾಠವಾಯಿತು. ಅಲ್ಲಿ ಜನಾಂಗಗಳನ್ನು ಒಂದೊಂದು ಗೂಡಿನಲ್ಲಿ ಇಟ್ಟಿಲ್ಲ. ಹುಟ್ಟು, ಬಾಲ್ಯ, ದುಡಿಮೆ, ಸಾವು ಎಂದು ಬದುಕಿನ ಹಂತಗಳಾಗಿ ಇಟ್ಟಿದ್ದಾರೆ. ಉತ್ತರದ ತೊಟ್ಟಿಲ ಪಕ್ಕ ದಕ್ಷಿಣದ ಆಟಿಕೆ. ಈ ಓದಿನ ಹಳೆಯ ಚರಿತ್ರೆ ಹಾಗಿರಲಿಲ್ಲ. 17ನೇ ಶತಮಾನದಲ್ಲಿ ಜರ್ಮನಿಯ ಹಿಯೊಬ್ ಲುಡೊಲ್ಫ್ ಇಥಿಯೋಪಿಯದ ಗುರು ಅಬ್ಬಾ ಗೊರ್ಗೊರ್ಯೊಸ್ ಅವರಿಂದ ಕಲಿತು ಗೀಜ್ ವ್ಯಾಕರಣ ಬರೆದ. ಅಲ್ಲಿಂದ ಬಹಳ ಕಾಲ ಇಥಿಯೋಪಿಯ ಎಂದರೆ ಗೀಜ್ ಹಸ್ತಪ್ರತಿ, ಉತ್ತರದ ಬೆಟ್ಟಗಳು, ಚರ್ಚು, ರಾಜರು ಎಂದೇ ಆಗಿತ್ತು. ಬರೆದಿಡದ ದಕ್ಷಿಣದ ಜನರ ಸರದಿ ತಡವಾಗಿ ಬಂತು. ಓರೊಮೊ ಜನರ ಗದಾ ಪದ್ಧತಿಯಲ್ಲಿ ಅಧಿಕಾರ 8 ವರ್ಷಕ್ಕೊಮ್ಮೆ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಅದರ ಬಗ್ಗೆ 1973ರಲ್ಲಿ ದೊಡ್ಡ ಪುಸ್ತಕ ಬರೆದವರು ಎರಿಟ್ರಿಯದ ಅಸ್ಮರೊಮ್ ಲೆಗೆಸ್ಸೆ. ಎರಿಟ್ರಿಯಕ್ಕೆ ಹೋಗಲಾಗಲಿಲ್ಲ ಎಂಬ ನನ್ನ ಕೊರಗನ್ನು ಅವರ ಪುಸ್ತಕ ಸ್ವಲ್ಪ ಕಡಿಮೆ ಮಾಡಿತು.

ಸಂಜೆ ಅಮ್ಹಾರಿಕ್ ಪಾಠಕ್ಕೆ ಒಬ್ಬ ನಿವೃತ್ತ ಮೇಷ್ಟ್ರ ಮನೆಗೆ ಹೋಗುತ್ತಿದ್ದೆ. ನಾನು ಅವರನ್ನು ‘ಗಾಶೆ’ ಎನ್ನುತ್ತಿದ್ದೆ, ಹಿರಿಯರನ್ನು ಹಾಗೇ ಕರೆಯುವುದು. ಅವರಿಗೆ 1960ರ ದಶಕದಲ್ಲಿ ಗಣಿತ ಕಲಿಸಿದವರು ಭಾರತದ ಟೀಚರ್. ಆ ಕಾಲದಲ್ಲಿ ಇಲ್ಲಿಂದ ಸಾವಿರಾರು ಮೇಷ್ಟ್ರುಗಳು ಅಲ್ಲಿಯ ಶಾಲೆಗಳಿಗೆ ಹೋಗಿದ್ದರು. “ನಿಮ್ಮವರು ಹೊಡೆಯುತ್ತಿದ್ದರು, ಆದರೆ ಲೆಕ್ಕ ಬಂತು” ಎಂದು ನನ್ನಿಂದ ಮೊದಲ ತಿಂಗಳು ಫೀಸು ತೆಗೆದುಕೊಳ್ಳಲಿಲ್ಲ. ಪಾಠದ ಕೊನೆಗೆ ಅವರ ಹೆಂಡತಿ ಕಾಫಿ ಹುರಿಯುತ್ತಿದ್ದರು. ಮೂರು ಸುತ್ತು: ಅಬೊಲ್, ತೊನಾ, ಬೆರೆಕಾ. ಮೂರನೆಯದು ಆಶೀರ್ವಾದ, ಅದನ್ನು ಬಿಟ್ಟು ಏಳಬಾರದು.

ನಾನು ಆಗ ಓದುತ್ತಿದ್ದದ್ದು ಅಬ್ಬಾ ಬಹ್ರೆಯ ಬರಹ. ಬಹ್ರೆ ದಕ್ಷಿಣದ ಗಾಮೊ ನಾಡಿನಲ್ಲಿದ್ದ ಸನ್ಯಾಸಿ. ಓರೊಮೊ ದಾಳಿಯಲ್ಲಿ ತನ್ನ ನೆಲೆ ಕಳೆದುಕೊಂಡವನು. 1593ರಲ್ಲಿ ಕೂತು, ನಮ್ಮನ್ನು ಸೋಲಿಸಿದವರು ಯಾರು, ಅವರ ರೀತಿ ಏನು ಎಂದು ಬರೆದ. ಸೋಲಿಗೆ ಅವನು ಕೊಟ್ಟ ಕಾರಣ ನನ್ನನ್ನು ಬೆರಗುಗೊಳಿಸಿತು. ನಮ್ಮ ಸಮಾಜದಲ್ಲಿ ಹತ್ತು ವರ್ಗ ಇವೆ, ಅವುಗಳಲ್ಲಿ ಒಂದು ಮಾತ್ರ ಕಾದಾಡುತ್ತದೆ, ಅವರಲ್ಲಿ ಎಲ್ಲರೂ ಕಾದಾಡುತ್ತಾರೆ ಎಂದ. ಅದೇ ಕಾಲದಲ್ಲಿ ಚಾಪು, ಅಂದರೆ ಮಲಿಕ್ ಅಂಬರ, ದಖ್ಖನಿನಲ್ಲಿ ಕುದುರೆ ಏರಿದ್ದ.

ಒಂದು ಸಂಜೆ ಗಾಶೆಗೆ ನನ್ನ ಶೀರ್ಷಿಕೆಯನ್ನು ಅನುವಾದ ಮಾಡಿ ಹೇಳಿದೆ. ಅವರು ಲೋಟ ಕೆಳಗಿಟ್ಟರು. “ಹಬ್ಶಿ ಎಂದು ಅವರನ್ನು ಕರೆದವರು ಯಾರು?” ಎಂದರು. ಅರಬರು, ಪರ್ಷಿಯದವರು, ನಮ್ಮವರು ಎಂದೆ. “ನಾನು ದಕ್ಷಿಣದ ಕಂಬಾಟಾದವನು. ನನ್ನ ಅಜ್ಜನನ್ನು ಈ ಊರಲ್ಲಿ ಯಾರೂ ಹಬೆಶಾ ಅನ್ನುತ್ತಿರಲಿಲ್ಲ. ಹಬೆಶಾ ಎಂದರೆ ಆಗ ಉತ್ತರದ ಬೆಟ್ಟದ ಜನ. ಹಿಡಿದು ಮಾರಿದ್ದು ಹೆಚ್ಚಾಗಿ ನಮ್ಮಂಥವರನ್ನು. ಕಂಬಾಟಾ, ಹದಿಯಾ, ಓರೊಮೊ. ಮಾರಿದವರ ಹೆಸರನ್ನೇ ಮಾರಾಟವಾದವರಿಗೆ ಇಟ್ಟಿದ್ದೀಯಲ್ಲ ಮಗಳೇ.”

ಆ ರಾತ್ರಿ ನಿದ್ದೆ ಬರಲಿಲ್ಲ. ಮೂರು ವರ್ಷದಿಂದ ‘ತವರು’ ಎಂದು ಬರೆಯುತ್ತಾ ಬಂದಿದ್ದೆ. ಹಡಗು ಹತ್ತಿದ ಮೇಲೆ ಬೇರೆಯವರು ಅಂಟಿಸಿದ ಹೆಸರನ್ನು ಹಿಡಿದುಕೊಂಡು ಅವರ ಮನೆ ಹುಡುಕುತ್ತಿದ್ದೆ. ಬೆಳಿಗ್ಗೆ ಗ್ರಂಥಾಲಯಕ್ಕೆ ಹೋಗಿ ರಾಜರ ಕಥೆಗಳ ಪಟ್ಟಿ ಬದಿಗಿಟ್ಟೆ. ದಕ್ಷಿಣದ ಬಗ್ಗೆ ಏನಿದೆ ಎಂದು ಕೇಳಿದೆ. ಉಳಿದ 40 ದಿನ ಅದನ್ನೇ ಓದಿದೆ. ಪೆನ್ಸಿಲ್‌ನಿಂದ ಬರೆದುಕೊಂಡ ಟಿಪ್ಪಣಿ ಐದು ನೋಟ್‌ಬುಕ್ ಆಯಿತು.

ಊಟದ ಬಗ್ಗೆ ಚಿಂತೆ ಮಾಡಬೇಡಿ. ಬುಧವಾರ, ಶುಕ್ರವಾರ ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಮಾಂಸ, ಹಾಲು ಮುಟ್ಟುವುದಿಲ್ಲ. ನವೆಂಬರ್ ಕೊನೆಯಿಂದ ಗೆನ್ನಾ ಹಬ್ಬದವರೆಗೆ, ಅಂದರೆ ಅಲ್ಲಿಯ ಕ್ರಿಸ್ಮಸ್ ಆದ ಜನವರಿ 7ರವರೆಗೆ, ಪೂರ್ತಿ ಉಪವಾಸದ ಕಾಲ. ‘ಯೆತ್ಸೊಮ್ ಬೆಯಾಯ್ನೆತು’ ಎಂದು ಕೇಳಿದರೆ ಇಂಜೆರಾ ಎಂಬ ಹುಳಿ ದೋಸೆಯ ಮೇಲೆ ಬೇಳೆ, ಸೊಪ್ಪು, ಕೋಸು ಎಲ್ಲಾ ಬರುತ್ತದೆ. ಶಿರೊ ಎಂಬುದು ಕಡಲೆ ಹಿಟ್ಟಿನದು, ನಮ್ಮ ಜುಣಕದ ಅಣ್ಣ ಅನ್ನಿ. ಜೋಳದ ಇಂಜೆರಾವನ್ನೂ ತಿಂದೆ. ನಮ್ಮ ರೊಟ್ಟಿಯ ಜೋಳ ಹಿಂದೆ ಯಾವಾಗಲೋ ಆಫ್ರಿಕಾದ ಆ ಕಡೆಯಿಂದಲೇ ನಮ್ಮಲ್ಲಿಗೆ ಬಂದದ್ದು.

ಖರ್ಚು ಹೇಳುತ್ತೇನೆ. 2024ರ ಜುಲೈ ಕೊನೆಯಲ್ಲಿ ಅಲ್ಲಿಯ ಸರ್ಕಾರ ತನ್ನ ನಾಣ್ಯವಾದ ಬಿರ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರ್‌ಗೆ 57ರ ಹತ್ತಿರ ಇದ್ದದ್ದು 100 ದಾಟಿ ಹೋಯಿತು. ಹಾಗಾಗಿ ನನಗೆ ಬಾಡಿಗೆ ಹಗುರವಾಯಿತು: ಹಂಚಿಕೊಂಡ ಮನೆಯ ಒಂದು ಕೋಣೆಗೆ ತಿಂಗಳಿಗೆ 15,000 ಬಿರ್, ನಮ್ಮ ಹತ್ತು-ಹನ್ನೊಂದು ಸಾವಿರ ರೂಪಾಯಿ. ಅಲ್ಲಿಯ ಸಂಬಳದವರಿಗೆ ಅದೇ ಬದಲಾವಣೆ ಎಷ್ಟು ಭಾರವಾಯಿತು ಎಂಬುದನ್ನು ಗಾಶೆಯ ಪಿಂಚಣಿಯಲ್ಲಿ ಕಂಡೆ. ಎರಡನೇ ತಿಂಗಳಿಂದ ಒತ್ತಾಯ ಮಾಡಿ ಫೀಸು ಕೊಟ್ಟೆ. ಎಲ್ಲಾ ಸೇರಿ ನನಗೆ 1 ಲಕ್ಷ 40 ಸಾವಿರ ರೂಪಾಯಿ ಆಯಿತು. ಅನುಮತಿಯ ಶುಲ್ಕ ಬದಲಾಗುತ್ತಿರುತ್ತದೆ, ಮೊದಲೇ ಬರೆದು ಕೇಳಿ.

ಹೊರಡುವ ವಾರ ಒಂದು ಅಂಗಡಿಯಲ್ಲಿ ಹಳೆಯ ಚರ್ಮದ ಸುರುಳಿ ತೋರಿಸಿದರು. ದೆವ್ವ, ರೋಗ ಹತ್ತಿರ ಬರಬಾರದೆಂದು ಮೈಗೆ ಕಟ್ಟಿಕೊಳ್ಳುವ ಪ್ರಾರ್ಥನೆ, ಒಡತಿಯ ಹೆಸರು ಕೆಂಪು ಶಾಯಿಯಲ್ಲಿ. ಕೈ ನಡುಗಿತು. ತೆಗೆದುಕೊಳ್ಳಲಿಲ್ಲ. ಹಳೆಯ ವಸ್ತು ದೇಶದಿಂದ ಹೊರಗೆ ಒಯ್ಯುವುದು ಅಪರಾಧ, ಅದೊಂದೇ ಕಾರಣ ಅಲ್ಲ. ಯಾರದೋ ಅಜ್ಜಿಯ ಹೆಸರು ಅದರ ಮೇಲಿದೆ. ಹೊಸ ನೆನಪಿನ ವಸ್ತು ಕೊಂಡರೂ ರಸೀದಿ ಇಟ್ಟುಕೊಳ್ಳಿ. ಪ್ರಬಂಧ ಮುಗಿದ ಮೇಲೆ ಒಂದು ಪ್ರತಿ ಅಲ್ಲಿಗೆ ಕಳಿಸುತ್ತೇನೆ ಎಂದು ಬರೆದುಕೊಟ್ಟೆ. ಜನವರಿ 10ಕ್ಕೆ ಹೊರಟೆ. ಒಂಬತ್ತು ದಿನ ಇದ್ದಿದ್ದರೆ ತಿಮ್ಕತ್ ಹಬ್ಬ ನೋಡಬಹುದಿತ್ತು. ವೀಸಾ ಮುಗಿಯುತ್ತಿತ್ತು.

ಊರಿಗೆ ಬಂದ ಮೇಲೆ ಕೊನೆಯ ತೊಡಕು. ಲೆಕ್ಕದ ವಿಭಾಗದಲ್ಲಿ ನನ್ನ ಬಿಲ್ಲುಗಳನ್ನೆಲ್ಲ ವಾಪಸ್ ಮಾಡಿದರು. “ಇವು 2017ರ ರಸೀದಿ, ಏಳು ವರ್ಷ ಹಳೆಯವು” ಎಂದು ಷರಾ. ಎರಡು ಕ್ಯಾಲೆಂಡರ್‌ಗಳನ್ನು ಅಕ್ಕಪಕ್ಕ ಇಟ್ಟು ಪಟ್ಟಿ ಮಾಡಿ, ವಿಮಾನದ ಬೋರ್ಡಿಂಗ್ ಪಾಸ್ ಜೋಡಿಸಿ, ಪ್ರಮಾಣಪತ್ರ ಬರೆದು, ಗೈಡ್ ಸಹಿ ಹಾಕಿಸಿ ಕೊಟ್ಟೆ. ಏಳು ವಾರ ಹಿಡಿಯಿತು. ನೀವು ಅಲ್ಲೇ ಅಂಗಡಿಯವರಿಂದ ಎರಡೂ ದಿನಾಂಕ ಬರೆಸಿಕೊಂಡು ಬನ್ನಿ. ಕೇಳಿದರೆ ಖುಷಿಯಿಂದ ಬರೆದುಕೊಡುತ್ತಾರೆ.

ಶೀರ್ಷಿಕೆ ಬದಲಿಸಲು ಅರ್ಜಿ ಕೊಟ್ಟಿದ್ದೇನೆ. ‘ಹಬ್ಶಿ ಎಂದು ಕರೆಸಿಕೊಂಡವರು: ದಕ್ಷಿಣ ಇಥಿಯೋಪಿಯದಿಂದ ದಖ್ಖನ್‌ಗೆ’. ಯಾಕೆ ಬದಲಾವಣೆ ಎಂಬ ಕಾಲಂನಲ್ಲಿ ಗಾಶೆಯ ಮಾತನ್ನೇ ಕನ್ನಡದಲ್ಲಿ ಬರೆದೆ. ಟಪಾಲು ವಿಭಾಗದಲ್ಲಿ ಸಂಖ್ಯೆ ಹಾಕಿ ಮೊಹರು ಒತ್ತಿದರು. ಸಮಿತಿಯ ಸಭೆ ಮುಂದಿನ ತಿಂಗಳು. ಅಷ್ಟರಲ್ಲಿ ಓರೊಮೊ ಭಾಷೆ ಶುರು ಮಾಡಿದ್ದೇನೆ. ಅದನ್ನು ಈಗ ರೋಮನ್ ಅಕ್ಷರದಲ್ಲಿ ಬರೆಯುತ್ತಾರೆ, ಹಾಗಾಗಿ ಕಾಗುಣಿತದ ನೆರವು ಇಲ್ಲ. ಗಂಟಲು ಕಟ್ಟುವ ಅಕ್ಷರಗಳು ಮಾತ್ರ ಅಲ್ಲೂ ಇವೆ. ಮತ್ತೆ ಕಾಗದ ಹಿಡಿದುಕೊಂಡು ಕೂತಿದ್ದೇನೆ.